ಹಳೇ ಪಿಕಪ್‌ನಲ್ಲಿ ಆರದ ಎಬಿಎಸ್ ಲೈಟ್

ಇವತ್ತು ಅಮೆರಿಕದ ಹಳೇ ಗಾಡಿ, 1999ರಿಂದ 2002ರ ಮಾಡೆಲ್‌ನ ಷೆವರ್ಲೆ ಸಿಲ್ವರಾಡೊ. ಹಳದಿ ಎಬಿಎಸ್ ಲೈಟ್ ಹತ್ತಿದ್ರೆ ಆರೋದೇ ಇಲ್ಲ. ಮಾಮೂಲಿ ಬ್ರೇಕ್ ಹಿಡಿಯುತ್ತಲ್ಲ ಅಂತ ಕೆಲವರು ಲೈಟ್ ಮೇಲೆ ಟೇಪ್ ಅಂಟಿಸಿ ಓಡಿಸ್ತಾರೆ! ಜೊತೆಗೆ ಕೆಂಪು ಬ್ರೇಕ್ ಲೈಟೂ ಹತ್ತಿದ್ರೆ ಗಾಡಿ ಪಕ್ಕಕ್ಕೆ ಹಾಕಿ, ಮೊದಲು ಬ್ರೇಕ್ ಆಯಿಲ್ ನೋಡಿ.

ಅಗ್ಗದ ಸ್ಕ್ಯಾನರ್‌ಗಳು ಹೆಚ್ಚಾಗಿ ಇಂಜಿನ್ ಕೋಡ್ ಅಷ್ಟೇ ಓದ್ತವೆ. ಎಬಿಎಸ್ ಓದೋದೇ ಬೇಕು. ಸಿ0035 ಬಂದ್ರೆ ಮುಂದಿನ ಎಡಚಕ್ರ, ಸಿ0040 ಅಂದ್ರೆ ಬಲಚಕ್ರ. ತಕ್ಷಣ ಹೊಸ ಸೆನ್ಸರ್‌ಗೆ ದುಡ್ಡು ಸುರೀಬೇಡಿ (ನನ್ನದು ಬಿಕಾಂ ಬುದ್ಧಿ, ಖರ್ಚಿನ ಲೆಕ್ಕ ಮೊದಲು). ಕೋಡ್ ಜಾಗ ತೋರಿಸುತ್ತೆ ಅಷ್ಟೇ. ಚಕ್ರ ಎತ್ತಿ ಸ್ಟ್ಯಾಂಡ್ ಕೊಟ್ಟು, ಸೆನ್ಸರ್ ಕನೆಕ್ಟರ್ ಬಿಚ್ಚಿ, ಮಲ್ಟಿಮೀಟರನ್ನ ಎಸಿ ವೋಲ್ಟ್‌ಗೆ ಇಟ್ಟು ಕೈಯಲ್ಲಿ ಚಕ್ರ ತಿರುಗಿಸಿ. ಜೋರಾಗಿ ತಿರುಗಿಸಿದಷ್ಟೂ ವೋಲ್ಟೇಜ್ ಏರಬೇಕು. ಏರದಿದ್ರೆ ಇನ್ನೊಂದು ಬದಿ ಜೊತೆ ಹೋಲಿಸಿ, ವೈರ್ ಸವೆದಿದ್ಯಾ ನೋಡಿ.

ಈ ಗಾಡಿಯ ಅಸಲಿ ಕಳ್ಳ ತುಕ್ಕು. ಹಿಮ ಕರಗಿಸೋಕೆ ರಸ್ತೆಗೆ ಉಪ್ಪು ಹಾಕೋ ರಾಜ್ಯಗಳಲ್ಲಿ, ಸೆನ್ಸರ್ ಕೂರೋ ಜಾಗದಲ್ಲಿ ತುಕ್ಕು ಉಬ್ಬಿ ಅದನ್ನ ಮೇಲೆತ್ತುತ್ತೆ. ನಿಧಾನಕ್ಕೆ ಹೋಗುವಾಗ ಸಿಗ್ನಲ್ ಕ್ಷೀಣಿಸುತ್ತೆ. ಚಕ್ರ ಲಾಕ್ ಆಯ್ತು ಅಂದ್ಕೊಂಡು ಕಂಪ್ಯೂಟರ್ ಬ್ರೇಕ್ ಸಡಿಲಿಸುತ್ತೆ. ಕ್ರಾಸ್‌ನಲ್ಲಿ ನಿಲ್ಲಬೇಕಾದ ಗಾಡಿ ಇನ್ನೂ ಮುಂದಕ್ಕೆ ಹೋಗಿ ನಿಲ್ಲುತ್ತೆ. ಲೈಟ್ ಹತ್ತದೆಯೂ ಹೀಗಾಗಬಹುದು. 2005ರಲ್ಲಿ ಜನರಲ್ ಮೋಟರ್ಸ್ ಇದಕ್ಕೇ ರೀಕಾಲ್ ಮಾಡಿತ್ತು.

ಸೆನ್ಸರ್ ಬಿಚ್ಚಿ, ತುಕ್ಕು ಉಜ್ಜಿ ತೆಗೆದು, ತುಕ್ಕು ತಡೆಯೋ ಲೇಪ ಹಚ್ಚಿ ಕೂರಿಸಿ. ಆಮೇಲೆ ಖಾಲಿ ಜಾಗದಲ್ಲಿ ಮೆಲ್ಲಗೆ ಓಡಿಸಿ ಬ್ರೇಕ್ ಒತ್ತಿ. ಪೆಡಲ್ ಇನ್ನೂ ಗಡಗಡ ಅಂದ್ರೆ ಹಬ್ ಬದಲಿಸೋ ಮಾತು.