ಹರಾಜಿನ ಮಾದರಿ ರೈಲು: ಕೇಳಿದ ಬೆಲೆಯೇ ನಿಜವಾದ ಬೆಲೆಯೇ?

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರ್ ದೂರ. ಈ ದೂರವನ್ನು 87ರಿಂದ ಭಾಗಿಸಿದರೆ ಬರುವುದು 300 ಮೀಟರಿಗೂ ತುಸು ಕಡಿಮೆ. ಅಂದರೆ 400 ಮೀಟರ್ ಓಟದ ಪಥವಿರುವ ಮೈದಾನದಲ್ಲಿ ಈ ಎರಡು ಊರುಗಳ ನಡುವಿನ ಇಡೀ ದಾರಿಯನ್ನು ಹಾಸಿಬಿಡಬಹುದು. ನಿಜವಾದ ರೈಲನ್ನು ಹೀಗೆ ಗೊತ್ತಾದ ಪ್ರಮಾಣದಲ್ಲಿ ಚಿಕ್ಕದು ಮಾಡಿ ತಯಾರಿಸಿದ್ದೇ ಮಾದರಿ ರೈಲು. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ 1:87ರ ಪ್ರಮಾಣಕ್ಕೆ ಎಚ್.ಓ. ಎಂದು ಹೆಸರು. ಆಟಿಕೆ ರೈಲಿನಂತೆ ಕಂಡರೆ ಸಾಕು. ಮಾದರಿಯಾದರೋ ಅಳತೆಗೆ ಸರಿಹೊಂದಬೇಕು.

ಇಂಥ ಮಾದರಿಗಳನ್ನು ಸಂಗ್ರಹಿಸುವ ಹವ್ಯಾಸ ಒಳ್ಳೆಯದು. ಅದರಿಂದ ಗಣಿತ, ಯಂತ್ರಶಾಸ್ತ್ರ, ಇತಿಹಾಸ ಮೂರೂ ಕೈಗೆ ಹತ್ತುತ್ತವೆ. ಆದರೆ ಇಂದು ಈ ವಸ್ತುಗಳ ವ್ಯಾಪಾರ ಬಹುಮಟ್ಟಿಗೆ ಅಂತರ್ಜಾಲದ ಹರಾಜಿನಲ್ಲಿ ನಡೆಯುತ್ತಿದೆ. ಅಲ್ಲಿ ಪ್ರಾಮಾಣಿಕರೂ ಇದ್ದಾರೆ, ಅಲ್ಲದವರೂ ಇದ್ದಾರೆ.

ಖಾನಾಪುರದಿಂದ ಬೆಳಗಾವಿಯ ಕಾಲೇಜಿಗೆ ಬರುವ ಒಬ್ಬ ವಿದ್ಯಾರ್ಥಿ ಇದ್ದಾನೆ ಎಂದುಕೊಳ್ಳೋಣ. ವಿದ್ಯಾರ್ಥಿವೇತನದ ಹಣ ಅವನ ಖಾತೆಗೆ ಈಗತಾನೆ ಜಮೆಯಾಗಿದೆ. ಮೊಬೈಲಿನಲ್ಲಿ ಒಂದು ಪ್ರಕಟಣೆ ಕಾಣುತ್ತದೆ: "ಬೆಳಗಾವಿ–ಲೋಂಡಾ ಮಾರ್ಗದ ಡಬ್ಲ್ಯೂ.ಪಿ. ಉಗಿ ಎಂಜಿನ್. 1950ರ ಮಾದರಿ. ಎಚ್.ಓ. ಪ್ರಮಾಣ. ಅತಿ ಅಪರೂಪ. ಓಡಿಸಿ ನೋಡಿಲ್ಲ. ಬೆಲೆ 18,000 ರೂಪಾಯಿ." ಚಿತ್ರದಲ್ಲಿ ಎಂಜಿನ್ನಿನ ಹಿಂದಿನ ಕಲ್ಲಿದ್ದಲು ಗಾಡಿಯ ಮೇಲೆ ಎಸ್.ಸಿ. ಎಂಬ ಅಕ್ಷರಗಳಿವೆ. ಅವನು ಕೊಳ್ಳಬಹುದೇ? ಈ ಕಲ್ಪಿತ ಪ್ರಕಟಣೆಯನ್ನೇ ಮುಂದಿಟ್ಟುಕೊಂಡು ವಿಚಾರ ಮಾಡೋಣ.

ಅಂಗಳದ ಹರಾಜು, ಅಂತರ್ಜಾಲದ ಹರಾಜು

ನಮ್ಮ ಕಡೆ ಲಿಲಾವು ಎಂದೂ ಕರೆಯುವ ಹರಾಜನ್ನು ನೀವು ಎ.ಪಿ.ಎಂ.ಸಿ. ಅಂಗಳದಲ್ಲಿ ನೋಡಿರಬಹುದು. ಅಲ್ಲಿ ಮಾಲು ಕಣ್ಣೆದುರಿಗೇ ಇರುತ್ತದೆ. ಮುಟ್ಟಿ ನೋಡಬಹುದು, ಎದುರಾಳಿಯ ಮುಖವನ್ನೂ ನೋಡಬಹುದು. ಅಂತರ್ಜಾಲದಲ್ಲಿ ಇವೆರಡೂ ಇಲ್ಲ. ಇರುವುದು ಒಂದು ಚಿತ್ರ ಮತ್ತು ನಾಲ್ಕು ಸಾಲು ಮಾತ್ರ.

ಇಂಥ ಹರಾಜಿನಲ್ಲಿ ಹೆಸರಾದ ಇಬೇ ಸಂಸ್ಥೆಯನ್ನು 1995ರಲ್ಲಿ ಅಮೆರಿಕದಲ್ಲಿ ಪಿಯೇರ್ ಒಮಿಡ್ಯಾರ್ ಎಂಬುವವರು ಪ್ರಾರಂಭಿಸಿದರು. ಅಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, ಬೆಲೆ 14.83 ಡಾಲರ್. ಅದು ಕೆಟ್ಟಿದೆ ಎಂದು ತಿಳಿದೇ ಒಬ್ಬರು ಅದನ್ನು ಕೊಂಡರು. ಇದರಲ್ಲಿ ಮೋಸವಿಲ್ಲ. ಕೆಟ್ಟ ವಸ್ತುವನ್ನು ಕೆಟ್ಟದ್ದೆಂದು ಹೇಳಿ ಮಾರುವುದು ವ್ಯಾಪಾರ. ಕೆಟ್ಟದ್ದನ್ನು ಮುಚ್ಚಿಟ್ಟು ಮಾರುವುದು ಮೋಸ. ಇಬೇಯ ಭಾರತೀಯ ತಾಣ 2018ರಲ್ಲಿ ಮುಚ್ಚಿತು. ಈಗ ನಮ್ಮ ಸಂಗ್ರಾಹಕರು ವಿದೇಶದ ಹರಾಜುಗಳನ್ನೂ ಹಳೆಯ ವಸ್ತುಗಳ ಜಾಹೀರಾತು ತಾಣಗಳನ್ನೂ ಅವಲಂಬಿಸಿದ್ದಾರೆ. ವಿದೇಶದಿಂದ ತರಿಸಿದರೆ ಅಂಚೆ ವೆಚ್ಚ ಮತ್ತು ಸುಂಕದ ಭಾರ ಬೇರೆ.

ಮೂರು ಬೆಲೆಗಳು

ಹರಾಜಿನಲ್ಲಿ ಮೂರು ಬೆಲೆಗಳಿವೆ: ಮಾರುವವನು ಕೇಳಿದ ಬೆಲೆ, ಕೊಳ್ಳುವವನು ಕೂಗಿದ ಬೆಲೆ, ಕೊನೆಗೆ ಹಣ ಕೈ ಬದಲಾಯಿಸಿದ ಬೆಲೆ. ಇವುಗಳಲ್ಲಿ ಮೂರನೆಯದು ಮಾತ್ರ ಸಾಕ್ಷ್ಯ. ಹತ್ತು ಜನ ಒಂದೇ ಎಂಜಿನ್ನಿಗೆ 18,000 ರೂಪಾಯಿ ಕೇಳುತ್ತಿದ್ದರೆ ಅದು ಹತ್ತು ಸಾಕ್ಷ್ಯಗಳಾಗುವುದಿಲ್ಲ. ಒಬ್ಬನನ್ನು ನೋಡಿ ಇನ್ನೊಬ್ಬನು ಬರೆದಿರಬಹುದು. ಹೆಚ್ಚು ಬೆಲೆ ಕೇಳುವುದು ಅಪರಾಧವೂ ಅಲ್ಲ. ಆದ್ದರಿಂದ ಕೇಳಿದ ಬೆಲೆಯನ್ನು ಬಿಟ್ಟು, ಅದೇ ಮಾದರಿ ಈ ಹಿಂದೆ ಎಷ್ಟಕ್ಕೆ ಮಾರಾಟವಾಗಿದೆ ಎಂಬುದನ್ನು ಹುಡುಕಬೇಕು. ಮುಗಿದ ಹರಾಜುಗಳನ್ನು ಬೇರೆಯಾಗಿ ತೋರಿಸುವ ಸೌಲಭ್ಯ ದೊಡ್ಡ ತಾಣಗಳಲ್ಲಿರುತ್ತದೆ.

ಕೂಗಿದ ಬೆಲೆಯನ್ನೂ ಪೂರ್ತಿ ನಂಬುವಂತಿಲ್ಲ. ಅನೇಕ ತಾಣಗಳಲ್ಲಿ ನಿಮ್ಮ ಗರಿಷ್ಠ ಬೆಲೆಯನ್ನು ಗುಟ್ಟಾಗಿ ನಮೂದಿಸಿದರೆ, ಯಂತ್ರವೇ ನಿಮ್ಮ ಪರವಾಗಿ ಬೇಕಾದಷ್ಟು ಮಾತ್ರ ಏರಿಸುತ್ತಾ ಹೋಗುತ್ತದೆ. ಉದಾಹರಣೆಗೆ, ನೀವು 5,000 ಎಂದು ನಮೂದಿಸಿದ್ದೀರಿ. ಎದುರಾಳಿ 2,000ಕ್ಕೆ ನಿಂತರೆ ನೀವು ಕೊಡುವುದು 2,000ಕ್ಕಿಂತ ಸ್ವಲ್ಪ ಹೆಚ್ಚು. ಆದರೆ ಮಾರುವವನ ಗೆಳೆಯನೊಬ್ಬ ಬೇರೆ ಹೆಸರಿನಲ್ಲಿ ನುಗ್ಗಿ 4,800ರವರೆಗೆ ಏರಿಸಿದರೆ? ವಸ್ತು ಅದೇ, ನಿಮ್ಮ ಜೇಬಿನಿಂದ ಹೋಗುವ ಹಣ ಎರಡು ಪಟ್ಟಿಗೂ ಹೆಚ್ಚು. ಈ ಸುಳ್ಳು ಕೂಗನ್ನು ಹರಾಜು ಸಂಸ್ಥೆಗಳು ನಿಷೇಧಿಸಿವೆ. ಆದರೂ ಅದು ಪೂರ್ತಿ ನಿಂತಿಲ್ಲ. ಒಬ್ಬನೇ ಮಾರಾಟಗಾರನ ವಸ್ತುಗಳಿಗೆ ಸದಾ ಕೂಗಿ ಎಂದೂ ಗೆಲ್ಲದ ಹೆಸರು, ಮಾರಾಟವಾಯಿತೆಂದು ತೋರಿಸಿದ ವಸ್ತು ಮುಂದಿನ ವಾರ ಮತ್ತೆ ಕಾಣಿಸುವುದು, ಇವು ಅದರ ಲಕ್ಷಣಗಳು.

ಗೆದ್ದವನ ಸೋಲು

ಯಾವ ಮೋಸವೂ ಇಲ್ಲದ ಹರಾಜಿನಲ್ಲೂ ಒಂದು ಅಪಾಯವಿದೆ. ಒಂದು ಮಾದರಿಯ ನ್ಯಾಯವಾದ ಬೆಲೆ 1,000 ರೂಪಾಯಿ ಎಂದಿಟ್ಟುಕೊಳ್ಳಿ. ಐವರು ಅದನ್ನು ಕ್ರಮವಾಗಿ 600, 800, 1,000, 1,200, 1,400 ಎಂದು ಅಂದಾಜು ಮಾಡುತ್ತಾರೆ. ಐವರ ಸರಾಸರಿ ಸರಿಯಾಗಿ 1,000 ಆಗಿದೆ. ಆದರೆ ಹರಾಜಿನಲ್ಲಿ ಗೆಲ್ಲುವವನು ಸರಾಸರಿಯಲ್ಲ, ಅತಿ ಹೆಚ್ಚು ತಪ್ಪಿದವನು. ಅವನು 1,200ಕ್ಕಿಂತ ಹೆಚ್ಚು ಕೊಟ್ಟು ವಸ್ತುವನ್ನು ಮನೆಗೆ ಒಯ್ಯುತ್ತಾನೆ. ಅರ್ಥಶಾಸ್ತ್ರಜ್ಞರು ಇದನ್ನು ಗೆದ್ದವನ ಶಾಪ ಎನ್ನುತ್ತಾರೆ. ಗರಿಷ್ಠ ಬೆಲೆಯನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟು ಅದನ್ನು ಮೀರದಿರುವುದೇ ಇದಕ್ಕೆ ಮದ್ದು.

ವಸ್ತುವೇ ನುಡಿಯುವ ಸಾಕ್ಷಿ

ಈಗ ನಮ್ಮ ವಿದ್ಯಾರ್ಥಿಯ ಪ್ರಕಟಣೆಗೆ ಬರೋಣ. ಇದನ್ನು ಪರೀಕ್ಷಿಸಲು ನಮ್ಮ ಸೀಮೆಯ ರೈಲಿನ ಇತಿಹಾಸವೇ ಸಾಕು.

ಮೊದಲನೆಯದು, ಎಂಜಿನ್ನಿನ ಹೆಸರು. ಭಾರತೀಯ ರೈಲ್ವೆಯ ಸಂಕೇತದಲ್ಲಿ ಡಬ್ಲ್ಯೂ ಎಂದರೆ 1,676 ಮಿಲಿಮೀಟರ್ ಅಗಲದ ಬ್ರಾಡ್ ಗೇಜ್; ವೈ ಎಂದರೆ 1,000 ಮಿಲಿಮೀಟರಿನ ಮೀಟರ್ ಗೇಜ್. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಿದ ಬೆಳಗಾವಿ–ಖಾನಾಪುರ–ಲೋಂಡಾ ಮಾರ್ಗ ಮೀಟರ್ ಗೇಜಿನದು. ಅದು ಬ್ರಾಡ್ ಗೇಜ್ ಆದದ್ದು 1990ರ ದಶಕದಲ್ಲಿ. ಹಾಗಾದರೆ 1950ರಲ್ಲಿ ಡಬ್ಲ್ಯೂ.ಪಿ. ಎಂಜಿನ್ ಖಾನಾಪುರಕ್ಕೆ ಬಂದದ್ದು ಹೇಗೆ? ಬರಲು ಸಾಧ್ಯವೇ ಇರಲಿಲ್ಲ.

ಎರಡನೆಯದು, ಅಕ್ಷರಗಳು. ಸದರ್ನ್ ಮರಾಠಾ ರೈಲ್ವೆ 1908ರಲ್ಲಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು. 1951ರಲ್ಲಿ ದಕ್ಷಿಣ ರೈಲ್ವೆ ಹುಟ್ಟಿತು. 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ ಬಂದಿತು. 2003ರಿಂದ ನಮ್ಮದು ಹುಬ್ಬಳ್ಳಿ ಕೇಂದ್ರವಾಗಿರುವ ನೈಋತ್ಯ ರೈಲ್ವೆ. ಎಸ್.ಸಿ. ಎಂಬುದು ದಕ್ಷಿಣ ಮಧ್ಯ ರೈಲ್ವೆಯ ಗುರುತು. 1966ರಲ್ಲಿ ಹುಟ್ಟಿದ ಸಂಸ್ಥೆಯ ಅಕ್ಷರಗಳನ್ನು 1950ರಲ್ಲಿ ಯಾರು ಬರೆದರು? ಹೀಗೆಯೇ, ಇಂಗ್ಲಿಷಿನಲ್ಲಿ ಬೆಳಗಾವಿ ಎಂದು ಬರೆದ ಫಲಕವನ್ನು ಬ್ರಿಟಿಷರ ಕಾಲದ್ದೆಂದು ಮಾರಿದರೆ ಅನುಮಾನಿಸಬೇಕು. ಇಂಗ್ಲಿಷಿನ ಬೆಲ್ಗಾಂ ಅಧಿಕೃತವಾಗಿ ಬೆಳಗಾವಿಯಾದದ್ದು 2014ರ ನವೆಂಬರ್ 1ರಂದು.

ಮೂರನೆಯದು, ಅಳತೆ. ಎಚ್.ಓ. ಹಳಿಯ ಅಗಲ 16.5 ಮಿಲಿಮೀಟರ್. ಇದನ್ನು 87ರಿಂದ ಗುಣಿಸಿದರೆ ಯುರೋಪಿನ 1,435 ಮಿಲಿಮೀಟರ್ ಗೇಜ್ ಬರುತ್ತದೆ, ನಮ್ಮದಲ್ಲ. ನಮ್ಮ ಬ್ರಾಡ್ ಗೇಜಿಗೆ 19 ಮಿಲಿಮೀಟರಿಗೂ ಸ್ವಲ್ಪ ಹೆಚ್ಚು, ಮೀಟರ್ ಗೇಜಿಗೆ ಸುಮಾರು 11.5 ಮಿಲಿಮೀಟರ್ ಬೇಕು. ಅನುಕೂಲಕ್ಕಾಗಿ ಭಾರತೀಯ ಎಂಜಿನ್ನುಗಳ ಮಾದರಿಯನ್ನೂ 16.5ರ ಹಳಿಗೆ ಮಾಡುವುದುಂಟು. ಅದು ತಪ್ಪಲ್ಲ. ಆದರೆ ಅದನ್ನು ಕರಾರುವಾಕ್ಕಾದ ಅಳತೆಯದೆಂದು ಹೇಳಿ ಹೆಚ್ಚು ಹಣ ಕೇಳುವುದು ತಪ್ಪು.

ಅಪರೂಪ ಎಂಬ ಮಾತು

ಬೆಳ್ಳಗಿರುವುದೆಲ್ಲ ಹಾಲಲ್ಲ. ಅಪರೂಪ ಎಂಬುದು ಎಷ್ಟು ತಯಾರಾದವು, ಎಷ್ಟು ಉಳಿದಿವೆ ಎಂಬ ಲೆಕ್ಕದಿಂದ ಬರಬೇಕು, ಮಾರುವವನ ಬಾಯಿಂದಲ್ಲ. "ಓಡಿಸಿ ನೋಡಿಲ್ಲ" ಎಂಬುದಕ್ಕೆ "ಓಡುವುದಿಲ್ಲ" ಎಂದೇ ಅರ್ಥಮಾಡಿಕೊಂಡು ಬೆಲೆ ಕಟ್ಟುವುದು ಕ್ಷೇಮ. ವಸ್ತು ನಿಜವಾಗಿ ಅವನ ಬಳಿ ಇದೆಯೇ ಎಂದು ತಿಳಿಯಲು, ಅಂದಿನ ದಿನಾಂಕ ಬರೆದ ಚೀಟಿಯನ್ನೂ ಒಂದು ಅಳತೆಪಟ್ಟಿಯನ್ನೂ ಪಕ್ಕದಲ್ಲಿಟ್ಟು ತಳಭಾಗದ ಚಿತ್ರ ಕಳಿಸಲು ಹೇಳಿ. ತಯಾರಕರ ಮುದ್ರೆ ಇರುವುದು ಹೆಚ್ಚಾಗಿ ಅಲ್ಲಿಯೇ. ಇಂಗ್ಲೆಂಡಿನ ಹಾರ್ನ್‌ಬಿ ಸಂಸ್ಥೆಯ ತಯಾರಿಕೆ 1990ರ ದಶಕದಲ್ಲಿ ಚೀನಾಕ್ಕೆ ಹೋಯಿತು. ಹಾರ್ನ್‌ಬಿ ಎಂಜಿನ್ನಿನ ತಳದಲ್ಲಿ ಚೀನಾದ ಹೆಸರಿದ್ದರೆ ಅದು 1950ರದಾಗಲಾರದು. ಪ್ರಾಮಾಣಿಕ ಮಾರಾಟಗಾರನಿಗೆ ಇಂಥ ಕೋರಿಕೆಯಿಂದ ಬೇಸರವಾಗುವುದಿಲ್ಲ.

ಕಾನೂನಿನ ಮಾತು

ಮಾದರಿಗಳ ಜೊತೆಯಲ್ಲೇ ನಿಜವಾದ ರೈಲ್ವೆ ದೀಪ, ಫಲಕ, ಟೋಕನ್‌ಗಳೂ ಮಾರಾಟಕ್ಕೆ ಬರುತ್ತವೆ. ಇಲ್ಲಿ ಹಣಕ್ಕಿಂತ ದೊಡ್ಡ ಅಪಾಯವಿದೆ. 1966ರ ರೈಲ್ವೆ ಆಸ್ತಿ (ಕಾನೂನುಬಾಹಿರ ಸ್ವಾಧೀನ) ಕಾಯಿದೆಯ ಪ್ರಕಾರ, ಕದ್ದದ್ದೆಂದು ಸಕಾರಣವಾಗಿ ಸಂಶಯವಿರುವ ರೈಲ್ವೆ ವಸ್ತು ನಿಮ್ಮ ಬಳಿ ಸಿಕ್ಕರೆ, ಅದು ನ್ಯಾಯವಾಗಿ ಬಂದದ್ದೆಂದು ನೀವೇ ತೋರಿಸಬೇಕು. ಮೊದಲ ಅಪರಾಧಕ್ಕೇ 5 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ರೈಲ್ವೆ ಇಲಾಖೆ ತನ್ನ ಹಳೆಯ ಸಾಮಾನುಗಳನ್ನು ತನ್ನದೇ ಹರಾಜಿನಲ್ಲಿ ಮಾರುತ್ತದೆ. ಅದಕ್ಕೆ ದಾಖಲೆ ಇರುತ್ತದೆ. ದಾಖಲೆ ಇಲ್ಲದ ವಸ್ತುವಿಗೆ ಕೈ ಹಾಕಬೇಡಿ.

ಹಣ ಕೊಡುವಾಗಲೂ ಎಚ್ಚರ ಬೇಕು. ತಾಣವನ್ನು ಬಿಟ್ಟು ನೇರವಾಗಿ ಹಣ ಕಳಿಸೆಂದರೆ ಕಳಿಸಬೇಡಿ. ಮುಂಗಡ ಮರಳಿಸುತ್ತೇನೆ, ನಿಮ್ಮ ಪಿನ್ ಒತ್ತಿ ಎಂದರೆ ಅದು ಖಂಡಿತ ಮೋಸ. ಹಣ ಪಡೆಯಲು ಪಿನ್ ಬೇಕಿಲ್ಲ. ಹಣ ಹೋದ ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ವ್ಯಾಪಾರಿಯಿಂದ ಕೊಂಡ ವಸ್ತು ಹೇಳಿದಂತಿಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಜಿಲ್ಲಾ ಆಯೋಗಕ್ಕೂ ದೂರು ಕೊಡಬಹುದು. ಹರಾಜಿನ ಪುಟ, ಸಂದೇಶಗಳು, ರಸೀದಿ ಇವುಗಳ ಪ್ರತಿಯನ್ನು ಕೊಳ್ಳುವ ದಿನವೇ ತೆಗೆದಿಡಿ.

ನಮ್ಮ ವಿದ್ಯಾರ್ಥಿ ಏನು ಮಾಡಬೇಕು? 18,000 ರೂಪಾಯಿಯನ್ನು ಖಾತೆಯಲ್ಲೇ ಬಿಟ್ಟು, ಒಂದು ಭಾನುವಾರ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಲಿ. ಅಲ್ಲಿ 2020ರಲ್ಲಿ ಪ್ರಾರಂಭವಾದ ರೈಲ್ವೆ ವಸ್ತುಸಂಗ್ರಹಾಲಯವಿದೆ. ಅದರ ಹಳೆಯ ಕಟ್ಟಡಗಳಲ್ಲಿ ಒಂದಕ್ಕೆ ಮಲಪ್ರಭಾ ಎಂದು ಹೆಸರು. ಆ ನದಿ ಹುಟ್ಟುವುದು ಅವನದೇ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಹಳೆಯ ಅಸಲಿ ವಸ್ತುಗಳ ಅಕ್ಷರ, ಬಣ್ಣ, ಸವೆತ ಹೇಗಿರುತ್ತವೆ ಎಂದು ಅಲ್ಲಿ ಕಣ್ಣಾರೆ ನೋಡಿ ಬರೆದುಕೊಳ್ಳಲಿ. ಆ ಟಿಪ್ಪಣಿ ಪುಸ್ತಕ ಕೈಯಲ್ಲಿದ್ದರೆ, ಮುಂದಿನ ಸಲ ಮೊಬೈಲಿನಲ್ಲಿ "ಅತಿ ಅಪರೂಪ" ಎಂಬ ಮಾತು ಕಂಡಾಗ ಅವನು ಮೊದಲು ಬೆಲೆಯನ್ನಲ್ಲ, ವಸ್ತುವನ್ನು ನೋಡುತ್ತಾನೆ.