ಹೇಳಿ ಮಾಡಿಸಿದ ಮನೆ

ಬೆಂಗಳೂರಿನ ಮಂದಿ ಮನೆಯನ್ನು ಹೇಗೆ ಸಿಂಗರಿಸಿಕೊಳ್ಳುತ್ತಾರೆ ಎಂದು ತಿಳಿಯಬೇಕೆಂದರೆ ಮೆಟ್ರೊದ ಹಸಿರು ಮಾರ್ಗ ಹಿಡಿದರೆ ಸಾಕು. ನಾಗಸಂದ್ರದಲ್ಲಿ ಇಳಿದವರು ನಿಲ್ದಾಣದಿಂದಲೇ ಐಕಿಯಾ ಮಳಿಗೆಗೆ ನಡೆದುಹೋಗಬಹುದು. 2022ರ ಜೂನ್ 22ರಂದು ಈ ಮಳಿಗೆ ಬಾಗಿಲು ತೆರೆದಾಗ ಮೊದಲ ವಾರಾಂತ್ಯವೇ ಜನ ಗಂಟೆಗಟ್ಟಲೆ ಸರದಿಯಲ್ಲಿ ನಿಂತರು. 4.6 ಲಕ್ಷ ಚದರ ಅಡಿಯ ಆ ಜಾಗದಲ್ಲಿ ಅಡುಗೆಮನೆ, ಮಲಗುವ ಕೋಣೆ, ಮಕ್ಕಳ ಮೂಲೆ ಎಲ್ಲವನ್ನೂ ಜೋಡಿಸಿಯೇ ಇಟ್ಟಿದ್ದಾರೆ. ನೋಡಿ, ಮುಟ್ಟಿ, ಬೆಲೆಚೀಟಿ ಓದಿ, ಪೆಟ್ಟಿಗೆ ಹೊತ್ತು ತರುವುದಷ್ಟೇ ನಮ್ಮ ಕೆಲಸ. ಅದೇ ಮಾರ್ಗದಲ್ಲಿ ಮುಂದೆ ಸಾಗಿ ಚಿಕ್ಕಪೇಟೆಯಲ್ಲಿ ಇಳಿದರೆ ಬೇರೆಯೇ ಲೋಕ. ಪರದೆ ಬಟ್ಟೆಯ ಥಾನುಗಳನ್ನು ಬಿಚ್ಚಿ ಹರವುತ್ತಾರೆ, ಕಿಟಕಿಯ ಅಳತೆ ಕೇಳುತ್ತಾರೆ, ಹೊಲಿದುಕೊಡುವವರ ವಿಳಾಸ ಹೇಳುತ್ತಾರೆ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ದೀಪದ ಅಂಗಡಿಗಳು. ಇನ್ನೆರಡು ನಿಲ್ದಾಣ ದಾಟಿ ನ್ಯಾಷನಲ್ ಕಾಲೇಜಿನ ಬಳಿ ಇಳಿದರೆ ಬಸವನಗುಡಿ. ಅಲ್ಲಿ ಉಳಿದಿರುವ ಹಳೆಯ ಮನೆಗಳ ಕೆಂಪು ನೆಲದ ಮೇಲೆ ಬೇಸಿಗೆಯ ಮಧ್ಯಾಹ್ನ ಬರಿಗಾಲಲ್ಲಿ ನಿಂತವರಿಗೆ ಆ ತಂಪಿನ ಬೆಲೆ ಗೊತ್ತು.

ಈ ಊರಿನಲ್ಲಿ ಮನೆಯ ಸಾಮಾನನ್ನು ಹೇಳಿ ಮಾಡಿಸುವ ದೊಡ್ಡ ಪರಂಪರೆ ಇತ್ತು. ಮರದಂಗಡಿಯಲ್ಲಿ ತೇಗವನ್ನೋ ಹಲಸನ್ನೋ ಆರಿಸಿ ತಂದರೆ, ಬಡಗಿ ಮನೆಯಂಗಳದಲ್ಲೇ ವಾರಗಟ್ಟಲೆ ಕೂತು ಮಂಚ, ಕಪಾಟು, ತೂಗುಮಣೆ ಮಾಡಿಕೊಡುತ್ತಿದ್ದ. ಅಜ್ಜಿಯ ಮಂಡಿನೋವಿಗೆ ತಕ್ಕ ಎತ್ತರದ ಮಂಚ, ದೇವರಮನೆಯ ಗೋಡೆಗೂಡಿಗೆ ಒಪ್ಪುವ ಪುಟ್ಟ ಬಾಗಿಲು ಹೀಗೆಯೇ ಆಗುತ್ತಿದ್ದವು. ಮನೆಯವರಿಗೆ ಮರದ ಗುಣ ಒಂದಿಷ್ಟು ತಿಳಿದಿರುತ್ತಿತ್ತು, ಬಡಗಿಗೆ ಮನೆಯವರ ಸ್ವಭಾವ ಪೂರ್ತಿ ತಿಳಿದಿರುತ್ತಿತ್ತು. ನನ್ನ ಮಟ್ಟಿಗೆ ಸ್ಥಳೀಯ ವಿನ್ಯಾಸ ಎಂದರೆ ಇದೇ: ಬಳಸುವವರು ಮತ್ತು ಮಾಡುವವರು ಎದುರುಬದುರು ಕೂತು ಮಾತಾಡುವುದು. ಇವತ್ತು ಬೆಂಗಳೂರು ಕಳೆದುಕೊಳ್ಳುತ್ತಿರುವುದು ಈ ಮಾತನ್ನೇ. ಕರಕುಶಲ ವಸ್ತುಗಳಿಗೆ ಇಲ್ಲಿ ಬರವಿಲ್ಲ.

ಇದರಲ್ಲಿ ಕೊಳ್ಳುವವರ ತಪ್ಪೇ ಎಲ್ಲ ಎಂದು ಹೇಳಲಾರೆ. ಈ ನಗರದ ಬಹಳಷ್ಟು ಮಂದಿ ಬಾಡಿಗೆ ಮನೆಯಲ್ಲಿದ್ದಾರೆ. ಕೈಯಲ್ಲಿರುವುದು ಹನ್ನೊಂದು ತಿಂಗಳ ಕರಾರುಪತ್ರ. ಗೋಡೆಗೆ ಮೊಳೆ ಹೊಡೆಯಲು ಮಾಲೀಕರ ಅಪ್ಪಣೆ ಬೇಕು, ಮನೆ ಬಿಡುವಾಗ ಬಣ್ಣದ ಖರ್ಚನ್ನು ಮುಂಗಡದಲ್ಲಿ ಮುರಿದುಕೊಳ್ಳುತ್ತಾರೆ. ಮುಂದಿನ ವರ್ಷ ಎಲ್ಲಿರುತ್ತೇವೋ ತಿಳಿಯದವರು ತೇಗದ ಕಪಾಟು ಮಾಡಿಸುವುದಾದರೂ ಹೇಗೆ? ಬಿಚ್ಚಿ ಕಟ್ಟಿ ಟೆಂಪೊಗೆ ಹಾಕಬಹುದಾದ ಹಲಗೆಗಳು ಬಿಕರಿಯಾಗುವುದಕ್ಕೆ ಅಗ್ಗದ ಬೆಲೆಯಷ್ಟೇ ಕಾರಣವಲ್ಲ, ಈ ಕರಾರುಪತ್ರವೂ ಕಾರಣ. ಮನೆ ಅಲಂಕಾರದ ಬಗ್ಗೆ ಬರೆಯುವವರು ಇದನ್ನು ಮರೆತು, ಸ್ವಂತ ಬಂಗಲೆ ಇರುವವರಿಗಷ್ಟೇ ಸಲಹೆ ಕೊಡುತ್ತಾ ಬಂದಿದ್ದಾರೆ. ಬಾಡಿಗೆದಾರರಿಗೂ ಅಭಿರುಚಿ ಇದೆ, ಹೊತ್ತೊಯ್ಯಬಹುದಾದ ಒಳ್ಳೆಯ ವಸ್ತುಗಳು ಈ ನಾಡಿನಲ್ಲಿ ಬೇಕಾದಷ್ಟಿವೆ.

ಚನ್ನಪಟ್ಟಣವನ್ನೇ ನೋಡಿ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರು, ಮೈಸೂರು ರೈಲು ಹತ್ತಿದರೆ ಮುಗಿಯಿತು. ಹೆದ್ದಾರಿ ಬದಿಯ ಬಣ್ಣದ ಕುದುರೆಗಳನ್ನು ಎಲ್ಲರೂ ನೋಡಿದ್ದಾರೆ, ಆದರೆ ಅವು ಹುಟ್ಟುವ ಕೋಣೆಯೊಳಗೆ ಇಣುಕಿದವರು ಕಡಿಮೆ. ಒಣಗಿಸಿ ಹದಮಾಡಿದ ಹಾಲೆ ಮರದ ತುಂಡನ್ನು ತಿರುಗಣಿ ಯಂತ್ರಕ್ಕೆ ಸಿಕ್ಕಿಸುತ್ತಾರೆ. ಉಳಿ ತಾಕಿದ ಕಡೆ ಬೆಳ್ಳಗಿನ ಮರ ಸುರುಳಿಸುರುಳಿಯಾಗಿ ಹಾರಿ ಮಡಿಲಿಗೆ ಬೀಳುತ್ತದೆ. ಆಕಾರ ಬಂದ ಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಕುಂಚವಿಲ್ಲ, ಡಬ್ಬಿ ಬಣ್ಣವಿಲ್ಲ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರದ ಮೈಗೆ ಹತ್ತಿಕೊಳ್ಳುತ್ತದೆ. ಒತ್ತುವ ಕೈ ಒಂಚೂರು ಅಳುಕಿದರೆ ಬಣ್ಣ ಗಂಟುಗಂಟಾಗುತ್ತದೆ. ಕೊನೆಗೆ ತಾಳೆಗರಿಯ ಪಟ್ಟಿಯನ್ನು ಒತ್ತಿ ಉಜ್ಜಿದಾಗ, ಮಂಕಾಗಿದ್ದ ಮೈ ಕ್ಷಣದಲ್ಲಿ ಹೊಳೆಯತೊಡಗುತ್ತದೆ. ಅರಿಸಿನದಿಂದ ಹಳದಿ, ನೀಲಿಗಿಡದಿಂದ ನೀಲಿ ಮಾಡುವ ಕ್ರಮವನ್ನು ಇಂದಿಗೂ ಪಾಲಿಸುವ ಕುಶಲಕರ್ಮಿಗಳಿದ್ದಾರೆ. ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಆಟಿಕೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಟಿಪ್ಪುವಿನ ಕಾಲದಲ್ಲಿ ಪರ್ಷಿಯಾದಿಂದ ಬಂದ ಕುಶಲಕರ್ಮಿಗಳು ಈ ವಿದ್ಯೆ ಕಲಿಸಿದರೆಂದು ಊರಿನವರು ಹೇಳುತ್ತಾರೆ. ಜಪಾನಿನ ಆಟಿಕೆ ತಯಾರಿಕೆಯ ವಿಧಾನಗಳನ್ನು ಇಲ್ಲಿಗೆ ಒಗ್ಗಿಸಿದ ಬಾವಾಸ್ ಮಿಯಾನ್ ಅವರನ್ನು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಭೌಗೋಳಿಕ ಗುರುತು ಸಿಕ್ಕಿದೆ, 2010ರಲ್ಲಿ ಮಿಷೆಲ್ ಒಬಾಮ ಭಾರತಕ್ಕೆ ಬಂದಾಗ ಈ ಗೊಂಬೆಗಳನ್ನು ಕೊಂಡರೆಂಬ ಸುದ್ದಿಯೂ ಆಯಿತು. ಹೆಸರಿನಿಂದ ಹೊಟ್ಟೆ ತುಂಬುವುದಿಲ್ಲವಲ್ಲ. ಪ್ಲಾಸ್ಟಿಕ್ ಆಟಿಕೆಗಳ ಮುಂದೆ ಬರೀ ಗೊಂಬೆ ಮಾರಿ ಬದುಕುವುದು ಕಷ್ಟವೆಂದು ಅರಿತ ಕೆಲವರು ದೀಪದ ಕಂಬ, ಪರದೆಯ ಬಳೆ, ಕಪಾಟಿನ ಹಿಡಿಕೆ, ಮೇಣದಬತ್ತಿಯ ಸ್ಟ್ಯಾಂಡುಗಳತ್ತ ತಿರುಗಿದರು. ಬೆಂಗಳೂರಿನ ಮಾಯಾ ಆರ್ಗ್ಯಾನಿಕ್, ವರ್ಣಂ ಮುಂತಾದ ಸಂಸ್ಥೆಗಳು ಕುಶಲಕರ್ಮಿಗಳ ಜೊತೆ ಕೂತು ಇಂಥ ಹೊಸ ಆಕಾರಗಳನ್ನು ರೂಪಿಸಿದವು. ವಿನ್ಯಾಸ ಕಲಿತವರು ಮಾಡಬೇಕಾದ ಕೆಲಸ ಇದು. ಕೈಗೆ ಗೊತ್ತಿರುವ ವಿದ್ಯೆಯನ್ನು ಕೆಡಿಸದೆ, ಇಂದಿನ ಮನೆಗೆ ಬೇಕಾದ ವಸ್ತುವಿನ ಕಡೆ ಅದನ್ನು ಹೊರಳಿಸಬೇಕು.

ಬಾಡಿಗೆ ಮನೆಯ ಮೇಜಿನ ಖಾನೆಗಳಿಗೆ ಚನ್ನಪಟ್ಟಣದ ಹಿಡಿಕೆ ಹಾಕಿಸುವುದು ಒಂದು ಸ್ಕ್ರೂಡ್ರೈವರಿನ ಕೆಲಸ. ಮನೆ ಬಿಡುವಾಗ ಬಿಚ್ಚಿ ಒಯ್ಯಬಹುದು. ಒಂದು ಮಾತು ಮಾತ್ರ ನೆನಪಿರಲಿ: ಅರಗಿಗೆ ಬಿಸಿ ಒಗ್ಗುವುದಿಲ್ಲ. ಒಲೆಯ ಪಕ್ಕ, ಸುಡುಬಿಸಿಲು ಬೀಳುವ ಕಿಟಕಿಯಲ್ಲಿ ಇಡಬಾರದು, ನೀರಿನಲ್ಲಿ ನೆನೆಸಬಾರದು, ಒಣಬಟ್ಟೆಯಿಂದ ಒರೆಸಿದರೆ ಸಾಕು. ಇದನ್ನು ಅಂಗಡಿಯವರು ಹೇಳದೆ ಮಾರುತ್ತಾರೆ, ವರ್ಷದಲ್ಲಿ ಬಣ್ಣ ಕೆಟ್ಟರೆ ಹೆಸರು ಕೆಡುವುದು ಚನ್ನಪಟ್ಟಣದ್ದು.

ನೆಲಕ್ಕೆ ಹಾಸಲು ನವಲಗುಂದದ ಜಮಖಾನೆ ಇದೆ. ನಿಲುವುಮಗ್ಗದ ಮುಂದೆ ಕೂತು ಹೆಂಗಸರೇ ನೇಯುವ ಹತ್ತಿಯ ಹಾಸು, ಅದರಲ್ಲಿ ಪಗಡೆಯ ಹಾಸು, ನವಿಲು. ಉತ್ತರ ಕರ್ನಾಟಕದ ಕೌದಿ ಇದೆ, ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಯ ಬಣ್ಣಗಾರಿಕೆ ಬೇರೆಯೇ ಸೊಗಸು. ಸಂಡೂರಿನ ಲಂಬಾಣಿ ಕಸೂತಿ ದಿಂಬಿನ ಚೀಲವಾಗಿ ಬಂದಿದೆ. ಬೀದರಿನ ಕೋಟೆಯ ಮಣ್ಣಿನಿಂದ ಕಪ್ಪುಬಣ್ಣ ಪಡೆಯುವ ಬಿದರಿ ಹೂದಾನಿ ಒಂದಿದ್ದರೆ ಇಡೀ ಕೋಣೆಗೆ ಬೇರೆ ಶೃಂಗಾರ ಬೇಡ. ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ 1964ರಿಂದ ಇವನ್ನು ಕಾವೇರಿ ಮಳಿಗೆಗಳ ಮೂಲಕ ಮಾರುತ್ತಾ ಬಂದಿದೆ. ಹೆಗ್ಗೋಡಿನ ಹತ್ತಿರದ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಕಟ್ಟಿ ಬೆಳೆಸಿದ ‘ಚರಕ’ ಸಂಸ್ಥೆಯ ನೈಸರ್ಗಿಕ ಬಣ್ಣದ ಕೈಮಗ್ಗದ ಬಟ್ಟೆ ದೇಸಿ ಅಂಗಡಿಗಳ ಮೂಲಕ ನಗರಕ್ಕೆ ಬಂತು. ಚಿತ್ರಕಲಾ ಪರಿಷತ್ತಿನ ಅಂಗಳದಲ್ಲಿ ಆಗಾಗ ನಡೆಯುವ ಮೇಳಗಳಲ್ಲಿ ಮಾಡಿದವರೇ ಮಾರಲು ಬರುತ್ತಾರೆ, 2010ರಲ್ಲಿ ಶುರುವಾದ ಎ ಹಂಡ್ರೆಡ್ ಹ್ಯಾಂಡ್ಸ್ ಟ್ರಸ್ಟಿನ ಸಂತೆಯಲ್ಲೂ ಅಷ್ಟೇ. ನಾನು ಮೇಳಗಳ ಪರ. ಮಾಡಿದವರನ್ನೇ ಎದುರಿಗಿಟ್ಟುಕೊಂಡು, ಇದೇ ಹಾಸು ಒಂದು ಗೇಣು ಉದ್ದ ಬೇಕಿತ್ತು, ಕೆಂಪಿನ ಬದಲು ಕಡುನೀಲಿಯಲ್ಲಿ ಆಗುತ್ತದೆಯೇ ಎಂದು ಕೇಳುವ ಅವಕಾಶ ಬೇರೆಲ್ಲಿ ಸಿಗುತ್ತದೆ? ಕೇಳಿ ನೋಡಿ, ಅವರ ಮುಖ ಅರಳುತ್ತದೆ. ಚೌಕಾಸಿಗೆ ಇಳಿದರೆ ಆ ಮುಖ ಬಾಡುವುದನ್ನೂ ಕಾಣಬಹುದು.

ಚೌಕಾಸಿಯ ವಿಷಯ ಬಂದದ್ದರಿಂದ ಹೇಳುತ್ತೇನೆ. ಮೈಸೂರಿನ ಬೀಟೆ ಮರದ ಇನ್‌ಲೇ ಚಿತ್ರವೊಂದರ ಬೆಲೆ ಕೇಳಿ ಹುಬ್ಬೇರಿಸುವವರು ಅದರ ಹಿಂದಿನ ಕೆಲಸ ತಿಳಿದುಕೊಳ್ಳಬೇಕು. ಹಿಂದೆ ದಂತವನ್ನು ಕೂರಿಸುತ್ತಿದ್ದ ಜಾಗದಲ್ಲಿ, ಅದರ ನಿಷೇಧದ ನಂತರ ಬೇರೆಬೇರೆ ಬಣ್ಣದ ಮರಗಳೇ ಬಂದವು. ಆನೆಯ ಕಿವಿಗೆ ಒಂದು ಮರ, ಸಂಜೆಯ ಆಕಾಶಕ್ಕೆ ಇನ್ನೊಂದು. ಉಗುರಿನಷ್ಟು ಚಿಕ್ಕ ಚೂರನ್ನೂ ಎಳೆಗರಗಸದಲ್ಲಿ ಕೊಯ್ದು, ಅಷ್ಟೇ ಅಳತೆಯ ಗುಳಿಗೆ ಕೂರಿಸಿ, ಉಜ್ಜಿ ಸಮಮಾಡುತ್ತಾರೆ. ಬಣ್ಣ ಬಳಿದದ್ದಲ್ಲ ಅದು, ಮರದ ಸ್ವಂತ ಬಣ್ಣ. ಆ ತಾಳ್ಮೆಗೆ ಕೂಲಿ ಸಿಗದಿದ್ದರೆ ಮುಂದಿನ ತಲೆಮಾರು ಗರಗಸ ಹಿಡಿಯುವುದಿಲ್ಲ, ಹಿಡಿಯಬೇಕೆಂದು ಕೇಳುವ ಹಕ್ಕೂ ನಮಗಿಲ್ಲ.

ಸ್ವಂತ ಮನೆ ಕಟ್ಟುವವರಿಗೆ ನಾನು ಮೊದಲು ಹೇಳುವುದು ಕೆಂಪು ನೆಲದ ಬಗ್ಗೆ. ರೆಡ್ ಆಕ್ಸೈಡ್ ನೆಲ ಹಾಕುವುದು ಗಾರೆ ಕೆಲಸದ ದೊಡ್ಡ ವಿದ್ಯೆ. ಗಟ್ಟಿ ಕಾಂಕ್ರೀಟಿನ ತಳದ ಮೇಲೆ ಸಿಮೆಂಟಿಗೆ ಕೆಂಪು ಪುಡಿ ಬೆರೆಸಿದ ತೆಳುಪದರವನ್ನು ಎಳೆಯುತ್ತಾರೆ. ಅದು ಹಸಿಯಾಗಿದ್ದಾಗಲೇ ಮೇಲಿಂದ ನುಣ್ಣನೆಯ ಕೆಂಪು ತಿಳಿಯನ್ನು ಸವರಿ, ಮೊಣಕಾಲೂರಿ ಹಿಂದೆಹಿಂದೆ ಸರಿಯುತ್ತಾ ಕರಣೆಯಿಂದ ಒತ್ತಿಒತ್ತಿ ತಿಕ್ಕುತ್ತಾರೆ. ಒಂದು ಕೋಣೆಯನ್ನು ಒಂದೇ ಸಲಕ್ಕೆ ಮುಗಿಸಬೇಕು, ಅರ್ಧಕ್ಕೆ ನಿಲ್ಲಿಸಿದರೆ ಸೇರುವೆ ಜೀವಮಾನವಿಡೀ ಕಾಣುತ್ತದೆ. ಆಮೇಲೆ ದಿನಗಟ್ಟಲೆ ನೀರು ನಿಲ್ಲಿಸಿ ಹದಮಾಡುವುದು, ಒಣಗಿದ ಮೇಲೆ ಮೇಣ ಅಥವಾ ಕೊಬ್ಬರಿ ಎಣ್ಣೆಯಿಂದ ಉಜ್ಜುವುದು. ನಡೆದಷ್ಟೂ ಹೊಳಪೇರುವ ನೆಲ ಇದು. ಕೆಲಸ ಅವಸರವಾದರೆ ಬಿರುಕು ಬಿಡುತ್ತದೆ, ಬಣ್ಣ ಮಚ್ಚೆಮಚ್ಚೆಯಾಗುತ್ತದೆ. ದೊಡ್ಡ ಟೈಲ್ಸ್ ಹಾಕಿದರೆ ಬೇಗ ಮುಗಿಯುತ್ತದೆ ಎಂದು ಗುತ್ತಿಗೆದಾರರು ಒತ್ತಾಯಿಸುವುದು ಇದಕ್ಕೇ. ಈ ಕೆಲಸ ಬಲ್ಲ ಮೇಸ್ತ್ರಿಗಳು ಈಗ ವಿರಳ, ಇದ್ದವರಿಗೂ ವಯಸ್ಸಾಗಿದೆ. ಇವರನ್ನು ಹುಡುಕಿ ನೆಲ ಹಾಕಿಸುವ ವಾಸ್ತುಶಿಲ್ಪಿಗಳು ಬೆಂಗಳೂರಿನಲ್ಲಿ ಇದ್ದಾರೆ ಎಂಬುದು ನನಗೆ ತುಂಬ ಸಮಾಧಾನ ಕೊಡುವ ಸಂಗತಿ.

ಹಳೆಯ ಬಾಗಿಲು, ಕಂಬಗಳ ವ್ಯಾಪಾರದ ಬಗ್ಗೆ ಮಾತ್ರ ನನಗೆ ಅಷ್ಟು ಸಮಾಧಾನವಿಲ್ಲ. ಮಲೆನಾಡಿನ ತೊಟ್ಟಿಮನೆಯೋ ಚೆಟ್ಟಿನಾಡಿನ ಹವೇಲಿಯೋ ಬಿಚ್ಚಿದಾಗ ಅದರ ಕೆತ್ತನೆಯ ಬಾಗಿಲು ಬೆಂಗಳೂರಿಗೆ ಬಂದು ಕಾಫಿ ಮೇಜಾಗುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿತಲ್ಲ, ಅಲ್ಲಿಂದ ಹೊರಟ ಹೆಂಚುಗಳು ಈಗ ಗೋಡೆಗೆ ನೇತುಹಾಕುವ ದೀಪಗಳಾಗಿವೆ. ಗುಜರಿಗೆ ಹೋಗುವುದಕ್ಕಿಂತ ಇದು ಮೇಲು, ಒಪ್ಪುತ್ತೇನೆ. ಆದರೆ ಗಿರಾಕಿ ಹೆಚ್ಚಿದಷ್ಟೂ ಇನ್ನೂ ಗಟ್ಟಿಯಾಗಿ ನಿಂತಿರುವ ಮನೆಗಳನ್ನು ಬಿಚ್ಚುವ ಆಸೆಯೂ ಹೆಚ್ಚುತ್ತದೆ. ಪ್ರತಿಮೆ, ಕೆತ್ತನೆಗಳ ವಿಷಯದಲ್ಲಿ ಕಾನೂನೂ ಇದೆ. ನೂರು ವರ್ಷ ದಾಟಿದವು 1972ರ ಪ್ರಾಚೀನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆಯಡಿ ಬರುತ್ತವೆ, ಮಾರುವವರಿಗೆ ಪರವಾನಗಿ ಇರಬೇಕು. ಎಲ್ಲಿಂದ ಬಂತೆಂದು ಹೇಳಲು ತಡವರಿಸುವವರ ಬಳಿ ಕೊಳ್ಳದಿರುವುದೇ ಒಳ್ಳೆಯದು.

ಬೆನ್ಸನ್ ಟೌನಿನ ಪಕ್ಕದ ಪಾಟರಿ ಟೌನಿಗೆ ಗೌರಿ-ಗಣೇಶ ಹಬ್ಬಕ್ಕೆ, ದೀಪಾವಳಿಗೆ ಮಾತ್ರ ಜನ ಹೋಗುತ್ತಾರೆ. ಉಳಿದ ತಿಂಗಳುಗಳಲ್ಲೂ ಅಲ್ಲಿ ಚಕ್ರ ತಿರುಗುತ್ತಿರುತ್ತದೆ. ನಗರದ ಕೆರೆಗಳು ಹೋದವು, ಅವುಗಳ ಜೊತೆ ಕುಂಬಾರರ ಮಣ್ಣೂ ಹೋಯಿತು. ಈಗ ಹೊರಗಿನ ಊರುಗಳಿಂದ ದುಡ್ಡು ಕೊಟ್ಟು ತರಿಸಬೇಕು. ಬಾಲ್ಕನಿಗೆ ಹತ್ತು ಕುಂಡ ಬೇಕಾದವರು ಆನ್‌ಲೈನಿನಲ್ಲಿ ಚಿತ್ರ ನೋಡುವ ಬದಲು ಆ ಚಿತ್ರವನ್ನು ಇವರಿಗೆ ತೋರಿಸಲಿ. ಬಾಯಿ ಎಷ್ಟಗಲ, ತಳದಲ್ಲಿ ತೂತು ಎಷ್ಟು ಎಂದು ಮಾತಾಡಿಕೊಂಡು ಮಾಡಿಸಲಿ. ಶಿವಾಜಿನಗರದ ಬಂಬೂ ಬಜಾರಿನಲ್ಲಿ ಬಿದಿರಿನ ತಟ್ಟಿಗೂ ಇದೇ ಮಾತು.

ಹೀಗೆ ಮಾಡಿಸುವುದು ಹಳೆಯ ಕಾಲದ ಹಂಬಲವೇನಲ್ಲ ಎಂಬುದಕ್ಕೆ ಈ ಊರಲ್ಲೇ ಉದಾಹರಣೆ ಇದೆ. 1950ರ ದಶಕದಲ್ಲಿ ಚಂಡೀಗಢದ ಸರ್ಕಾರಿ ಕಚೇರಿಗಳಿಗಾಗಿ ಪಿಯರ್ ಜನರೆ ವಿನ್ಯಾಸ ಮಾಡಿದ ತೇಗ ಮತ್ತು ಬೆತ್ತದ ಕುರ್ಚಿಗಳು ಮುಂದೆ ಗುಜರಿ ಸೇರಿದವು, ಆಮೇಲೆ ವಿದೇಶಿ ಹರಾಜುಗಳಲ್ಲಿ ಲಕ್ಷಗಟ್ಟಲೆಗೆ ಮಾರಾಟವಾದವು. ಆ ಕುರ್ಚಿಗಳನ್ನು ಕೈಯಿಂದಲೇ ಮತ್ತೆ ಮಾಡುತ್ತಿರುವುದು ಬೆಂಗಳೂರಿನ ಫ್ಯಾಂಟಮ್ ಹ್ಯಾಂಡ್ಸ್. ಜಗತ್ತಿನ ಬೇರೆಬೇರೆ ಕಡೆಯ ಗಿರಾಕಿಗಳು ಅದಕ್ಕಾಗಿ ತಿಂಗಳುಗಟ್ಟಲೆ ಕಾಯುತ್ತಾರೆ. 1996ರಲ್ಲಿ ಶುರುವಾದ ಸೃಷ್ಟಿ ವಿನ್ಯಾಸ ಶಾಲೆ ಇದೆ, ತುಮಕೂರು ರಸ್ತೆಯ ಬಳಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಆವರಣವಿದೆ. ಕಲಿತವರಿಗೆ ಕೊರತೆಯಿಲ್ಲ, ಕೈಬಲ್ಲವರೂ ಇನ್ನೂ ಇದ್ದಾರೆ. ಅಖಿಲ ಭಾರತ ಕರಕುಶಲ ಮಂಡಳಿಯನ್ನು 1952ರಿಂದ ಮುನ್ನಡೆಸಿದ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಈ ಇಬ್ಬರನ್ನೂ ಜೊತೆಗೂಡಿಸಲು ಜೀವ ತೇದರು. ಈಗ ಕಾದು ಮಾಡಿಸಿಕೊಳ್ಳುವ ಮನೆಯವರು ಬೇಕಾಗಿದ್ದಾರೆ.

ಮೊದಲ ಹೆಜ್ಜೆ ದೊಡ್ಡದಾಗಿರಬೇಕಿಲ್ಲ. ಅಟ್ಟದ ಮೇಲೋ ಊರಿನ ಮನೆಯಲ್ಲೋ ಬೆತ್ತ ಹರಿದ ಕುರ್ಚಿಯೊಂದು ಇದ್ದೇ ಇರುತ್ತದೆ. ಅದನ್ನು ಇಳಿಸಿ ಧೂಳು ಒರೆಸಿ, ಬೆತ್ತ ಹೆಣೆಯುವವರನ್ನು ಕರೆಸಿ. ನಮ್ಮಲ್ಲಿ ಅಂಧರ ಶಾಲೆಗಳಲ್ಲಿ ಈ ಹೆಣಿಗೆ ಕಲಿಸುತ್ತಿದ್ದರು, ಅದನ್ನೇ ವೃತ್ತಿ ಮಾಡಿಕೊಂಡವರು ಬೆರಳ ತುದಿಯಲ್ಲೇ ಎಳೆ ಎಣಿಸಿ ಅಷ್ಟಕೋನದ ಕಣ್ಣುಗಳನ್ನು ಮೂಡಿಸಬಲ್ಲರು. ಎಷ್ಟು ದಿನ ಬೇಕೆಂದು ಅವರನ್ನೇ ಕೇಳಿ, ಕೇಳಿದಷ್ಟು ದಿನ ಕೊಡಿ, ಹೇಳಿದ ಕೂಲಿಯನ್ನು ಮುರಿಯದೆ ಎಣಿಸಿ ಕೊಡಿ.