ಪರಿವೀಕ್ಷಣಾಧಿಕಾರಿ

ಪರಿವೀಕ್ಷಣಾಧಿಕಾರಿ ಅಥವಾ ಪ್ರೊಬೇಷನ್ ಅಧಿಕಾರಿ ಎಂದರೆ ಅಪರಾಧಿಯ ಹಿನ್ನೆಲೆಯನ್ನು ವಿಚಾರಿಸಿ, ಶಿಕ್ಷೆಯನ್ನು ನಿರ್ಧರಿಸುವಲ್ಲಿ ಕ್ರಿಮಿನಲ್ ನ್ಯಾಯಾಲಯಕ್ಕೆ ನೆರವಾಗುವ ಅಧಿಕಾರಿ. ಭಾರತದಲ್ಲಿ ಇವರ ಕರ್ತವ್ಯಗಳನ್ನು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯು ಗೊತ್ತುಪಡಿಸಿದೆ.

ವರದಿ

ವಿಚಾರಣೆಯಿಂದ ಅಪರಾಧ ಸಾಬೀತಾಗುತ್ತದೆಯೇ ಹೊರತು ಅಪರಾಧಿಯ ಬದುಕು ಪೂರ್ಣವಾಗಿ ತಿಳಿಯುವುದಿಲ್ಲ. ಆದುದರಿಂದ ನ್ಯಾಯಾಲಯದ ನಿರ್ದೇಶನದಂತೆ ಅಧಿಕಾರಿಯು ಆತನ ನಡತೆ, ಮನೆಯ ಪರಿಸರ ಹಾಗೂ ದೈಹಿಕ, ಮಾನಸಿಕ ಸ್ಥಿತಿಗಳನ್ನು ತಿಳಿದು ವರದಿ ಸಲ್ಲಿಸುತ್ತಾರೆ. ಈ ವರದಿ ಗೋಪ್ಯವಾದುದು. ಆದರೆ ನ್ಯಾಯಾಲಯವು ಸೂಕ್ತವೆಂದು ಕಂಡಲ್ಲಿ ಅದರ ಸಾರಾಂಶವನ್ನು ಅಪರಾಧಿಗೆ ತಿಳಿಸಿ, ಸಾಕ್ಷ್ಯ ಒದಗಿಸಲು ಅವಕಾಶ ನೀಡಬಹುದು.

21 ವರ್ಷದೊಳಗಿನವರು

ಕಾಯ್ದೆಯ 6ನೇ ಕಲಮಿನ ಪ್ರಕಾರ, ಜೀವಾವಧಿ ಶಿಕ್ಷೆಗೆ ಒಳಪಡದ ಅಪರಾಧವೆಸಗಿದ 21 ವರ್ಷದೊಳಗಿನವರಿಗೆ ಸೆರೆವಾಸ ವಿಧಿಸುವ ಮುನ್ನ ನ್ಯಾಯಾಲಯವು ಈ ವರದಿಯನ್ನು ತರಿಸಿಕೊಳ್ಳಬೇಕು. ಸೆರೆವಾಸ ವಿಧಿಸಿದರೆ ಅದಕ್ಕೆ ಕಾರಣಗಳನ್ನು ದಾಖಲಿಸಬೇಕು. ಎಳೆಯ ವಯಸ್ಸಿನವರು ಸೆರೆಮನೆಯಲ್ಲಿ ರೂಢಿಗತ ಅಪರಾಧಿಗಳ ಸಹವಾಸದಿಂದ ಕೆಡಬಾರದೆಂಬುದು ಇದರ ಉದ್ದೇಶ.

ಮೇಲ್ವಿಚಾರಣೆ

ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡುಗಡೆಯಾದವರನ್ನು ಅಧಿಕಾರಿಯ ಮೇಲ್ವಿಚಾರಣೆಗೆ ಒಪ್ಪಿಸಿದರೆ, ಅದರ ಅವಧಿ ಕನಿಷ್ಠ 1 ವರ್ಷ. ಅಗತ್ಯವಿದ್ದಲ್ಲಿ ಅಧಿಕಾರಿಯು ಅವರಿಗೆ ಉದ್ಯೋಗ ದೊರಕಿಸಲೂ ಯತ್ನಿಸುತ್ತಾರೆ. ಷರತ್ತುಗಳನ್ನು ಮುರಿದವರಿಗೆ ಮೂಲ ಅಪರಾಧಕ್ಕಾಗಿ ಶಿಕ್ಷೆ ವಿಧಿಸಬಹುದು. ಅಧಿಕಾರಿಯ ವರದಿ ಏನೇ ಇದ್ದರೂ ಶಿಕ್ಷೆಯ ಅಂತಿಮ ನಿರ್ಧಾರ ನ್ಯಾಯಾಧೀಶರದೇ ಆಗಿರುತ್ತದೆ.